ಹೊಲಸು ಎಂಬ ಮಾತು

ನುಡಿಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಹೂವು, ತಿಂಗಳು, ತಾಯಿ ಮೊದಲಾದ ಚೆಲುವಾದ ಮಾತುಗಳನ್ನೇ ಆಯ್ದುಕೊಳ್ಳುತ್ತಾರೆ. ನಾನಿಂದು ಹೊಲಸಿನ ಮಾತುಗಳನ್ನು ಎತ್ತಿಕೊಂಡಿದ್ದೇನೆ. ಕೇಳುಗರು ಮೂಗು ಮುಚ್ಚಿಕೊಳ್ಳಬೇಕಾಗಿಲ್ಲ. ಕಿವಿ ತೆರೆದಿದ್ದರೆ ಸಾಕು.

ಹೊಲಸಿಗೆ ಇಂಗ್ಲಿಷಿನಲ್ಲಿ ಫಿಲ್ತ್ ಎನ್ನುತ್ತಾರೆ. ಅದು ಫೌಲ್ ಎಂಬ ಪದದಿಂದ ಹುಟ್ಟಿದ್ದು. ಈ ಫೌಲ್, ಕೀವು ಎಂಬರ್ಥದ ಲ್ಯಾಟಿನ್ನಿನ ಪೂಸ್, ದುರ್ಗಂಧವೆಂಬರ್ಥದ ಸಂಸ್ಕೃತದ ಪೂತಿ ಇವು ಮೂರೂ ಒಂದೇ ಬೇರಿನ ಕವಲುಗಳು. ಪಿತೃ, ಫಾದರ್ ಎಂಬ ಜೋಡಿಯಲ್ಲಿ ಕಾಣುವಂತೆ, ಸಂಸ್ಕೃತದಲ್ಲಿ ಉಳಿದ ಪಕಾರ ಇಂಗ್ಲಿಷಿನಲ್ಲಿ ಫಕಾರವಾಗಿದೆ.

ನಮ್ಮ ಪಕಾರವೂ ಇದ್ದಲ್ಲಿಯೇ ನಿಲ್ಲಲಿಲ್ಲ, ಹಕಾರವಾಯಿತು. ಪಾಲು ಹಾಲಾಯಿತು, ಪೂವು ಹೂವಾಯಿತು. ಸಾಕ್ಷಿಗಾಗಿ ನಾನು ಆರ್.ಟಿ. ನಗರದ ನನ್ನ ಮನೆಯಿಂದ ಬಹು ದೂರ ಹೋಗಬೇಕಾಗಿಲ್ಲ. ನೆರೆಯ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕೆಲಸಕ್ಕೆ ನೆಲ ಅಗೆಯುವಾಗ ವೀರಗಲ್ಲೊಂದು ಬೆಳಕಿಗೆ ಬಂದಿತು. ಅದು ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು, ಕಿತ್ತಯ್ಯನೆಂಬ ವೀರನ ಸ್ಮಾರಕ. ಅದರಲ್ಲಿ ಈ ಸೀಮೆಯ ಹೆಸರು ಪೆರ್ಬೊಳಲ್ ನಾಡು. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಆ ಪೆರ್ಬೊಳಲೇ ಇಂದಿನ ಹೆಬ್ಬಾಳ. ಇದೇ ಹಾದಿಯಲ್ಲಿ ಪೊಲಸು ಹೊಲಸಾಯಿತು. ಹಸಿ ಮಾಂಸವನ್ನೂ ಅದರ ವಾಸನೆಯನ್ನೂ ಹೇಳುವ ತಮಿಳಿನ ಪುಲಾಲ್ ಅದರ ಬಂಧು.

ಇಂಥ ಮಾತುಗಳಲ್ಲಿ ಧ್ವನಿಯಷ್ಟೇ ಅಲ್ಲ, ಅರ್ಥವೂ ಜಾರುತ್ತದೆ. ಹಿಂದೆ ನಾತವೆಂದರೆ ಬರಿಯ ವಾಸನೆ, ಒಳ್ಳೆಯದೂ ಆಗಬಹುದಿತ್ತು. ಇಂದು ಅದು ದುರ್ವಾಸನೆ ಮಾತ್ರ. ಇಂಗ್ಲಿಷಿನ ಸ್ಟಿಂಕ್ ಎಂಬ ಪದಕ್ಕೂ ಇದೇ ಗತಿ. ಯಲಹಂಕದ ಬೀದಿಗಳಲ್ಲಿ ಕನ್ನಡದೊಡನೆ ತೆಲುಗೂ ಕೇಳಿಬರುತ್ತದೆ. ಅಲ್ಲಿ ಕನ್ನಡಿಗನು ಮಲ್ಲಿಗೆಯ ಕಂಪನ್ನು ಹೊಗಳಿದರೆ ತೆಲುಗರು ಬೆರಗಾಗಬೇಕು. ಅವರ ನುಡಿಯಲ್ಲಿ ಕಂಪು ಎಂದರೆ ದುರ್ಗಂಧ! ನಾರುವ ಗುಣ ವಸ್ತುವಿನಲ್ಲಿರಬಹುದು. ಪದದಲ್ಲಿ ಅದನ್ನು ಇಡುವವರು ನಾವು.

ಇಲ್ಲಿಯವರೆಗೆ ಇದು ವಿನೋದ. ಆದರೆ ಹೊಲಸಿನ ಮಗ್ಗುಲಲ್ಲಿಯೇ ಇನ್ನೊಂದು ಪದವುಂಟು: ಪೊಲೆ, ಅಂದರೆ ಹೊಲೆ. ಹೆರಿಗೆ, ಮುಟ್ಟು ಮೊದಲಾದವುಗಳ ಮೈಲಿಗೆ ಎಂದು ಅದರ ಅರ್ಥ. ಊರಿನ ಕೊಳೆಯನ್ನು ತೆಗೆದವರ ಮೇಲೆಯೇ ಸಮಾಜ ಆ ಪದವನ್ನು ಹೊರಿಸಿ, ಅದನ್ನು ಜಾತಿಯ ಹೆಸರಾಗಿಸಿತು. ಹನ್ನೆರಡನೆಯ ಶತಮಾನದ ವಚನಕಾರರು ಹೊಲೆ ಹುಟ್ಟಿನಲ್ಲಿಲ್ಲ, ನಡತೆಯಲ್ಲಿದೆ ಎಂದರು. ಅದು ದೊಡ್ಡ ಮಾತು. ಆದರೂ ಪದ ಬೈಗುಳವಾಗಿಯೇ ಉಳಿಯಿತು. ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, 1970ರ ದಶಕದಲ್ಲಿ, ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲಾಯಿತು. ಕೇಂದ್ರದ ಕಾಯಿದೆಗಳು ಬಂದದ್ದು 1993ರಲ್ಲಿ, ಮತ್ತೆ 2013ರಲ್ಲಿ. ಕಾಯಿದೆ ಬುಟ್ಟಿಯನ್ನು ಇಳಿಸಬಹುದು. ಪದವನ್ನು ಇಳಿಸುವವರು ಯಾರು?

ಅಧ್ಯಾಪಕನಾದ ಹೊಸತರಲ್ಲಿ ನಾನೊಮ್ಮೆ ಪಕಾರ ಹಕಾರವಾದುದಕ್ಕೆ ಉದಾಹರಣೆಯೆಂದು ಪೊಲೆ, ಹೊಲೆ ಎಂದು ಕರಿಹಲಗೆಯ ಮೇಲೆ ಬರೆದು, ಅದರಿಂದ ಬಂದ ಜಾತಿಯ ಹೆಸರನ್ನೂ ಕೆಳಗೆ ಬರೆದೆ. ಕಡೆಯ ಬೆಂಚಿನ ಒಬ್ಬ ಹುಡುಗ ಬರೆಯುವುದನ್ನು ನಿಲ್ಲಿಸಿ ತಲೆ ತಗ್ಗಿಸಿದ. ನನಗೆ ಅರ್ಥವಾಗುವಷ್ಟರಲ್ಲಿ ಗಂಟೆ ಹೊಡೆಯಿತು. ನಾನು ಬರೆದುದರಲ್ಲಿ ವ್ಯಾಕರಣದ ತಪ್ಪೇನೂ ಇರಲಿಲ್ಲ. ಆದರೆ ಆ ಪದವನ್ನು ಅವನ ಮೇಲೆ ಹೊರಿಸಿದವರ ಕಥೆಯನ್ನು ಹೇಳದೆ ಪದದ ಕಥೆಯನ್ನಷ್ಟೇ ಹೇಳಿದ್ದೆ.

ಆಮೇಲಿನ ವರ್ಷಗಳಲ್ಲಿ ಆ ಸೂತ್ರಕ್ಕೆ ಹಾಲು, ಹೂವುಗಳನ್ನೇ ಉದಾಹರಣೆ ಕೊಟ್ಟೆ. ಹೊಲೆಯೆಂಬ ಪದ ಬಂದಾಗ ಅರ್ಧ ಗಂಟೆ ಹೆಚ್ಚು ತೆಗೆದುಕೊಂಡು ಎರಡು ಕಥೆಗಳನ್ನೂ ಹೇಳಿದೆ.