ಹುಂಡಿಯ ವಟ್ಟ: ಉಳಿದ ಶ್ರಮ ಯಾರದು?

ಕ್ರಿ.ಶ. 1610ರಲ್ಲಿ ಜೌನಪುರದ ಜೈನ ವರ್ತಕ ಖರಗಸೇನರು ತಮ್ಮ ಮಗನನ್ನು ವ್ಯಾಪಾರಕ್ಕೆಂದು ಆಗ್ರಾಕ್ಕೆ ಕಳುಹಿಸಿದರು. ರತ್ನಗಳು, ತುಪ್ಪ, ಎಣ್ಣೆ, ಜೌನಪುರದ ಬಟ್ಟೆ - ಇವು ಮಗನಿಗೆ ಒಪ್ಪಿಸಿದ ಬಂಡವಾಳ. ಬಂಡಿಗಳ ಸಾಲು ಇಟಾವಾದ ಸಮೀಪಕ್ಕೆ ಬಂದ ರಾತ್ರಿ ಬಿರುಮಳೆ ಸುರಿಯಿತು. ಸರಾಯಿಯಲ್ಲಿ ಸ್ಥಳವಿರಲಿಲ್ಲ. ನೆನೆಯುತ್ತ ಅಲೆದ ಆ ಯುವಕನಿಗೂ ಅವನ ಸಂಗಡಿಗರಿಗೂ ಕೊನೆಗೆ ದೊರೆತದ್ದು ಕಾವಲುಗಾರರ ಗುಡಿಸಲು. ಆಗ್ರಾ ತಲುಪಿದ ಮೇಲೂ ಕಷ್ಟ ಮುಗಿಯಲಿಲ್ಲ. ಲಾಡಿಗೆ ಕಟ್ಟಿಕೊಂಡಿದ್ದ ರತ್ನಗಳು ಕಳೆದುಹೋದವು. ಆ ಯುವಕನೇ ಮುಂದೆ 'ಸಮಯಸಾರ ನಾಟಕ'ವನ್ನು ರಚಿಸಿದ ಕವಿವರ ಬನಾರಸೀದಾಸರು. 1641ರಲ್ಲಿ ಪೂರ್ಣಗೊಂಡ ತಮ್ಮ ಆತ್ಮಕಥೆ 'ಅರ್ಧಕಥಾನಕ'ದಲ್ಲಿ ಅವರು ಈ ನಷ್ಟವನ್ನು ಮರೆಮಾಚದೆ ಹೇಳಿಕೊಂಡಿದ್ದಾರೆ.

ಬೆಲೆಯುಳ್ಳ ವಸ್ತುವನ್ನು ಹೊತ್ತು ದೂರದ ಊರಿಗೆ ನಡೆಯುವುದೆಂದರೆ ಆ ಕಾಲದಲ್ಲಿ ಹೀಗಿತ್ತು. ಆದರೆ ಅದೇ ಕಾಲದ, ಅದೇ ದಾರಿಗಳ ವರ್ತಕರಿಗೆ ಬೇರೊಂದು ಮಾರ್ಗವೂ ತಿಳಿದಿತ್ತು. ಅದು ಹುಂಡಿ. ಇಂದು ಕನ್ನಡದ ಮನೆಗಳಲ್ಲಿ ಹುಂಡಿ ಎಂದೊಡನೆ ಬಸದಿಯ ಅಥವಾ ದೇವಾಲಯದ ಕಾಣಿಕೆಯ ಪೆಟ್ಟಿಗೆಯೇ ನೆನಪಿಗೆ ಬರುತ್ತದೆ. ವರ್ತಕರ ಹುಂಡಿಯೋ ಒಂದು ತುಂಡು ಕಾಗದ: ಒಂದೂರಿನ ಸರಾಫನು ಇನ್ನೊಂದೂರಿನಲ್ಲಿರುವ ತನ್ನ ಪೇಢಿಗೆ ಇಂಥವರಿಗೆ ಇಷ್ಟು ಹಣ ಕೊಡತಕ್ಕದ್ದೆಂದು ಬರೆದ ಪತ್ರ. ಕಂಡೊಡನೆ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ, ಅವಧಿ ತುಂಬಿದ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಈ ಅನುಕೂಲಕ್ಕಾಗಿ ತೆರುವ ಹೆಚ್ಚಿನ ಹಣವೇ ವಟ್ಟ.

ವಟ್ಟವು ಎಷ್ಟಿತ್ತೆಂಬುದನ್ನು ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ ಬರೆದಿಟ್ಟಿದ್ದಾನೆ. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಹಲವು ಬಾರಿ ಭಾರತಕ್ಕೆ ಬಂದ ಅವನ ಪ್ರವಾಸಗ್ರಂಥವು 1676ರಲ್ಲಿ ಅಚ್ಚಾಯಿತು. ಎರಡು ತಿಂಗಳ ಅವಧಿಗೆ ಸೂರತ್ತಿನ ಮೇಲೆ ಬರೆದ ಹುಂಡಿಗೆ ಲಾಹೋರಿನಲ್ಲಿ ನೂರಕ್ಕೆ 6¼, ಆಗ್ರಾದಲ್ಲಿ 4¼ರಿಂದ 5, ಗೋಲ್ಕೊಂಡದಲ್ಲಿ 4ರಿಂದ 5, ನಮ್ಮ ವಿಜಾಪುರದಲ್ಲಿ 3, ಸಮೀಪದ ಅಹಮದಾಬಾದಿನಲ್ಲಿ 1ರಿಂದ 1½, ದೂರದ ಢಾಕಾದಲ್ಲಿ 10. ಈ ವಟ್ಟವು ಅಧಿಕವೆಂದು ಕಾಣುವುದಕ್ಕೆ ಅವನೇ ಕಾರಣವನ್ನೂ ಕೊಡುತ್ತಾನೆ: ದಾರಿಯಲ್ಲಿ ಸರಕು ದರೋಡೆಯಾದರೆ ಸಾಲ ಕೊಟ್ಟವನೇ ಆ ಹಣವನ್ನು ಕಳೆದುಕೊಳ್ಳುತ್ತಿದ್ದನು.

ವ್ಯಾಪಾರಿಯ ಮನಸ್ಸು ಇಲ್ಲಿ ಲೆಕ್ಕ ಹಾಕದೆ ಇರಲಾರದು. ಸೂರತ್ತಿನ ವರ್ತಕನೊಬ್ಬನು ಆಗ್ರಾದ ಸಮೀಪದ ಬಯಾನಾದಲ್ಲಿ 10,000 ರೂಪಾಯಿಗಳ ನೀಲಿ ಕೊಳ್ಳಬೇಕೆಂದಿಟ್ಟುಕೊಳ್ಳೋಣ. ಅವನ ಹಣವಿರುವುದು ಸೂರತ್ತಿನಲ್ಲಿ. ಆಗಿನ ಬೆಳ್ಳಿಯ ರೂಪಾಯಿಯ ತೂಕ ಸುಮಾರು 11½ ಗ್ರಾಂ; ಹತ್ತು ಸಾವಿರವೆಂದರೆ ಸುಮಾರು 115 ಕಿಲೋ, ಒಂದು ಹೇರೆತ್ತಿನ ಹೊರೆ. ದಾರಿ 35ರಿಂದ 40 ದಿನಗಳದು. ಇಪ್ಪತ್ತು ಮೂವತ್ತು ಶಸ್ತ್ರಧಾರಿ ಕಾವಲುಗಾರರು ಬೇಕು. ಅವರಿಗೆ ತಲೆಗೆ ತಿಂಗಳಿಗೆ 4 ರೂಪಾಯಿ, ಎರಡು ತಿಂಗಳು ಮೀರಿದರೆ 5 ರೂಪಾಯಿ ಎಂದು ತಾವೆರ್ನಿಯೆ ಹೇಳುತ್ತಾನೆ. ಮೂವತ್ತು ಜನರು ಹೋಗಿ ಬರುವ ಎಂಬತ್ತು ದಿನಗಳಿಗೆ 400 ರೂಪಾಯಿಗಳಾದವು. ಎತ್ತಿನ ಬಾಡಿಗೆ, ಮೇವು, ಸುಂಕದ ಕಟ್ಟೆಗಳು ಬೇರೆ. ಇಷ್ಟಾದರೂ ದರೋಡೆಯ ಭಯ ಅವನ ತಲೆಯ ಮೇಲೆಯೇ. ಹುಂಡಿಯ ಮಾರ್ಗದಲ್ಲಾದರೋ ಆಗ್ರಾದಲ್ಲಿ ಹತ್ತು ಸಾವಿರ ಪಡೆದು ಸೂರತ್ತಿನಲ್ಲಿ ಎರಡು ತಿಂಗಳ ಅನಂತರ ಹತ್ತು ಸಾವಿರದ ಐನೂರು ತೀರಿಸಿದರಾಯಿತು. ಅಷ್ಟು ಕಾಲ ಅವನ ಬೆಳ್ಳಿ ಸೂರತ್ತಿನಲ್ಲಿ ಅವನ ವಶದಲ್ಲಿಯೇ ಇದ್ದು ದುಡಿಯುತ್ತದೆ. ಐನೂರರಲ್ಲಿ ಬಡ್ಡಿಯೂ ಇದೆ, ಅಪಾಯದ ಹೊಣೆಯ ಬೆಲೆಯೂ ಇದೆ, ಉಳಿದದ್ದು ಸೌಕರ್ಯದ ಬೆಲೆ.

ಮೊತ್ತ ಎರಡು ಸಾವಿರವಾದರೆ ವಟ್ಟ ನೂರೇ ರೂಪಾಯಿ. ಕಾವಲಿನ ಖರ್ಚು ಮಾತ್ರ ಅದೇ ಪ್ರಮಾಣದಲ್ಲಿ ಇಳಿಯದು. ಕಳ್ಳರು ಎರಡು ಸಾವಿರವನ್ನೂ ಬಿಡುವವರಲ್ಲ. ಅಲ್ಲಿ ಹುಂಡಿಯೇ ಅಗ್ಗ. ಮೊತ್ತ ಐವತ್ತು ಸಾವಿರಕ್ಕೇರಿದರೆ ವಟ್ಟ ಎರಡೂವರೆ ಸಾವಿರ. ಐದು ಎತ್ತು, ಮೂವತ್ತು ಜನರ ಖರ್ಚು ಅದಕ್ಕಿಂತ ಎಷ್ಟೋ ಕಡಿಮೆ. ದೊಡ್ಡ ಧನಿಕನಿಗೆ ನಡೆಸಿಕೊಂಡು ಹೋಗುವುದು ಅಗ್ಗ, ಸಣ್ಣ ವರ್ತಕನಿಗೆ ಹೆಚ್ಚು ಕೊಟ್ಟು ಕಾಗದ ಕೊಳ್ಳುವುದು ಅಗ್ಗ. ಹೆಚ್ಚಿನ ಹಣ ತೆತ್ತು ಅನುಕೂಲ ಪಡೆಯುವುದು ಸಿರಿವಂತರ ಸೋಮಾರಿತನವೆಂಬ ರೂಢಿಯ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಆದರೆ ಶ್ರಾವಕನ ಲೆಕ್ಕ ರೂಪಾಯಿಯಲ್ಲಿಯೇ ಮುಗಿಯತಕ್ಕದ್ದಲ್ಲ. ವರ್ತಕನು ಉಳಿಸಿಕೊಂಡ ಎಂಬತ್ತು ದಿನಗಳ ನಡಿಗೆ ಎಲ್ಲಿ ಹೋಯಿತು? ಅದು ನಿಜವಾಗಿಯೂ ಇಲ್ಲವಾಯಿತೇ, ಅಥವಾ ಮತ್ತೊಬ್ಬನ ಕಾಲಿಗೆ ವರ್ಗವಾಯಿತೇ?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಮುಟ್ಟಿದೆ. ದೇಶವ್ರತವೆಂದರೆ ಇಷ್ಟು ಕಾಲ ಇಂತಿಷ್ಟು ಎಲ್ಲೆಯ ಆಚೆಗೆ ಹೋಗುವುದಿಲ್ಲವೆಂಬ ನಿಯಮ. ಅದರ ಐದು ಅತಿಚಾರಗಳಲ್ಲಿ ಎಲ್ಲೆಯ ಆಚೆಯಿಂದ ವಸ್ತುವನ್ನು ತರಿಸಿಕೊಳ್ಳುವ ಆನಯನವೂ, ತಾನು ಹೋಗದೆ ಆಳನ್ನು ಕಳುಹಿಸುವ ಪ್ರೇಷ್ಯಪ್ರಯೋಗವೂ ಸೇರಿವೆ. ತನ್ನ ಕಾಲನ್ನು ಮಡಚಿ ಕುಳಿತು ಸೇವಕನ ಕಾಲನ್ನು ಓಡಿಸುವವನು ವ್ರತವನ್ನು ಪಾಲಿಸಿದಂತೆ ತೋರುತ್ತಾನೆಯೇ ಹೊರತು ಪಾಲಿಸಿದವನಲ್ಲ. ಮನುಷ್ಯ ಸ್ವಭಾವವನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲ ಆಚಾರ್ಯರು ಇಂದಿನ ನಗರದ ಮನೆಬಾಗಿಲುಗಳ ಮುಂದೆ ನಿಂತರೆ ಬಹಳ ಆಶ್ಚರ್ಯಪಡಲಾರರು. ಹತ್ತು ನಿಮಿಷದಲ್ಲಿ ಸೊಪ್ಪು ತಂದುಕೊಡುವ ಹುಡುಗನ ಬೈಸಿಕಲ್ಲು ನಮ್ಮ ಹತ್ತು ನಿಮಿಷವನ್ನು ಉಳಿಸುತ್ತದೆ ನಿಜ. ಆ ನಿಮಿಷಗಳು ಖರ್ಚಾಗುವುದು ಅವನ ಮೈಯಲ್ಲಿ.

ಹುಂಡಿಯ ವಿಶೇಷವಿರುವುದು ಇಲ್ಲಿಯೇ. ಆಗ್ರಾದಲ್ಲಿ ಸರಕು ಮಾರಿ ಸೂರತ್ತಿಗೆ ಹಣ ಸಾಗಿಸಬೇಕಾದವನೊಬ್ಬ, ಸೂರತ್ತಿನ ಹಣವನ್ನು ಆಗ್ರಾದಲ್ಲಿ ಬಯಸುವವನೊಬ್ಬ. ಸರಾಫನು ಒಬ್ಬನ ಜಮೆಯನ್ನು ಮತ್ತೊಬ್ಬನ ಖರ್ಚಿಗೆ ಹೊಂದಿಸಿದನು. ಬೆಳ್ಳಿ ಎರಡೂ ಊರುಗಳಲ್ಲಿ ಇದ್ದಲ್ಲಿಯೇ ಇತ್ತು. ಪತ್ರವನ್ನು ಒಯ್ಯುವ ಕಾಸಿದನೇನೋ ನಡೆದನು, ಆದರೆ ಒಂದು ಚೀಲದಲ್ಲಿ ಹತ್ತಾರು ಹುಂಡಿಗಳೊಡನೆ. ಮೂವತ್ತು ಕಾವಲುಗಾರರ ನಡಿಗೆ, ಎತ್ತಿನ ಬೆನ್ನಿನ ಹೊರೆ, ಇವು ಮತ್ತೊಬ್ಬನಿಗೆ ವರ್ಗವಾಗದೆ ಅಳಿದುಹೋದವು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಪ್ರಾಣಿಗಳ ಮೇಲೆ ಅತಿಭಾರ ಹೇರುವುದೂ ಒಂದೆಂಬುದನ್ನು ನೆನೆದರೆ ಈ ಉಳಿತಾಯ ಸಣ್ಣದಲ್ಲ. ಆಗಿನ ಸರಾಫರು ಎತ್ತಿನ ಮೇಲಿನ ಕರುಣೆಯಿಂದ ಹುಂಡಿ ಬರೆದರೆಂದು ಹೇಳಹೊರಟರೆ ಅದು ಅತಿಶಯೋಕ್ತಿ. ಅವರು ಬರೆದದ್ದು ಲಾಭಕ್ಕಾಗಿಯೇ. ಎರಡೂರಿನ ಲೆಕ್ಕ ಸರಿಹೊಂದದೆ ಒಂದೆಡೆ ಬೇಡಿಕೆ ಹೆಚ್ಚಿದಾಗ ವಟ್ಟ ಏರುತ್ತಿತ್ತು, ಕೊರತೆಯಷ್ಟು ಬೆಳ್ಳಿ ಎತ್ತಿನ ಬೆನ್ನೇರಲೇಬೇಕಾಗುತ್ತಿತ್ತು.

ಇಷ್ಟೆಲ್ಲವೂ ನಿಂತಿದ್ದುದು ಪತ್ತಿನ ಮೇಲೆ. ಸತ್ಯಾಣುವ್ರತಕ್ಕೆ ಸೂತ್ರಕಾರರು ಹೇಳುವ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರ ಎರಡಿವೆ - ಸುಳ್ಳು ಪತ್ರ ಬರೆಯುವುದು, ಇಟ್ಟ ಹಣವನ್ನು ಅಪಹರಿಸುವುದು. ಹುಂಡಿಯು ಮುರಿದುಬೀಳಬಹುದಾದ ಬಗೆಗಳೂ ಮುಖ್ಯವಾಗಿ ಈ ಎರಡೇ. ಮೊದಲನೆಯದಕ್ಕೆ ತಡೆಯಾಗಿ ಮೊತ್ತವನ್ನು ಅಂಕಿಯಲ್ಲಿ, ಅಕ್ಷರದಲ್ಲಿ, ಬಳಿಕ 'ಅರ್ಧ ಇಷ್ಟು, ಅದರ ಇಮ್ಮಡಿ ಇಷ್ಟು' ಎಂದು ಮತ್ತೆ ಬರೆಯುವ ಪದ್ಧತಿಯಿತ್ತು. ಮೂಲ ಕಳೆದರೆ ಪೇಠ್, ಅದೂ ಕಳೆದರೆ ಪರ್‌ಪೇಠ್ ಎಂಬ ಪ್ರತಿಗಳಿದ್ದವು. ಶಾಹ್‌ಜೋಗ್ ಹುಂಡಿಯ ಹಣವನ್ನು ಪೇಟೆಯಲ್ಲಿ ಮರ್ಯಾದಸ್ಥನೆನಿಸಿದ ವರ್ತಕನಿಗಲ್ಲದೆ ಕೊಡುತ್ತಿರಲಿಲ್ಲ. ಎರಡನೆಯದಕ್ಕೆ ಬರವಣಿಗೆಯ ತಡೆಯಿಲ್ಲ. ಅದಕ್ಕೆ ಮನುಷ್ಯನೇ ಬೇಕು. 1695ರ ಸುಮಾರಿನಲ್ಲಿ ಪಾರಸಿಯಲ್ಲಿ ಇತಿಹಾಸ ಬರೆದ ಸುಜನ್ ರಾಯ್ ಭಂಡಾರಿಯು, ಅಪರಿಚಿತನೊಬ್ಬ ಸಾಕ್ಷಿಯಿಲ್ಲದೆ ಇಟ್ಟ ಲಕ್ಷಾಂತರ ಹಣವನ್ನೂ ಈ ದೇಶದ ಸರಾಫರು ಕೇಳಿದೊಡನೆ ಹಿಂದಿರುಗಿಸುವರೆಂದೂ, ಮುದ್ರೆಯಿಲ್ಲದ ಅವರ ಕಾಗದಕ್ಕೆ ದೂರದ ಊರಿನಲ್ಲಿ ಹಣ ಸಿಗುವುದೆಂದೂ ಮೆಚ್ಚಿ ದಾಖಲಿಸಿದ್ದಾನೆ.

ಈ ಪತ್ತನ್ನು ಪರಕೀಯರೂ ಕೊಂಡರು. ಸೂರತ್ತಿನ ಜೈನ ಶ್ರೇಷ್ಠಿ ವೀರ್‌ಜಿ ವೋರಾ ಅವರ ಹುಂಡಿಗಳ ಮೂಲಕ ಇಂಗ್ಲಿಷ್ ಕಂಪನಿಯು ಆಗ್ರಾಕ್ಕೆ ಹಣ ಮುಟ್ಟಿಸಿತು. 1664ರಲ್ಲಿ ಶಿವಾಜಿಯ ಸೈನ್ಯವು ಸೂರತ್ತನ್ನು ಸೂರೆಗೊಂಡಾಗ ಅವರ ಮನೆಯಲ್ಲಿದ್ದ ಸಂಪತ್ತು ಹೋಯಿತು. ದೂರದೂರುಗಳಲ್ಲಿದ್ದ ಪತ್ತು ಸೂರೆಯಾಗುವಂಥದ್ದಲ್ಲ, ಅವರು ಆ ಮೇಲೂ ವ್ಯಾಪಾರ ನಡೆಸಿದರು.

ಅನುಕೂಲದ ಅತ್ಯಂತ ದೊಡ್ಡ ಗಿರಾಕಿ ಬಹುಶಃ ಬಂಗಾಳದ ಸರ್ಕಾರ. ಮುರ್ಷಿದ್ ಕುಲಿ ಖಾನನ ಕಾಲದಲ್ಲಿ ವರ್ಷದ ಕಂದಾಯವು ಗಾಡಿಗಳ ಸಾಲಿನಲ್ಲಿ, ನೂರಾರು ಸವಾರರ ಮತ್ತು ಕಾಲಾಳುಗಳ ಕಾವಲಿನಲ್ಲಿ ದೆಹಲಿಯತ್ತ ಹೊರಡುತ್ತಿತ್ತು. ಕ್ರಮೇಣ ಆ ಮೆರವಣಿಗೆಯ ಸ್ಥಾನಕ್ಕೆ ಓಸ್ವಾಲ್ ಜೈನ ಮನೆತನವೊಂದರ ಹುಂಡಿ ಬಂದಿತು. ಆ ಮನೆತನದ ಫತೇಹ್‌ಚಂದರಿಗೆ 1723ರಲ್ಲಿ ಬಾದಶಹ ಮುಹಮ್ಮದ್ ಶಾಹನು 'ಜಗತ್ ಸೇಠ್' ಎಂಬ ಬಿರುದಿತ್ತನು. ಗಾಡಿಗಳು ನಿಂತವು, ಶ್ರಮ ಉಳಿಯಿತು. ಜೊತೆಯಲ್ಲಿಯೇ ಇಡೀ ಪ್ರಾಂತದ ಬೊಕ್ಕಸ ಒಂದು ಪೇಢಿಯ ಕೈಗೆ ಬಂದಿತು. 1757ರ ಪಲಾಶಿಯ ಒಳಸಂಚಿನಲ್ಲಿ ಆ ಮನೆತನ ಭಾಗಿಯಾದುದೂ, 1763ರಲ್ಲಿ ನವಾಬ ಮೀರ್ ಕಾಸಿಮನು ಮೆಹತಾಬ್ ರಾಯ್ ಮತ್ತು ಸ್ವರೂಪಚಂದರನ್ನು ಕೊಲ್ಲಿಸಿದುದೂ ಎಲ್ಲರೂ ಬಲ್ಲ ಇತಿಹಾಸ. ನಮ್ಮವರ ಐಶ್ವರ್ಯವನ್ನು ಹೊಗಳುವ ಲೇಖನಗಳು ಫತೇಹ್‌ಚಂದರ ಬಿರುದಿನವರೆಗೆ ಬಂದು ನಿಂತುಬಿಡುವುದುಂಟು. ಪರಿಗ್ರಹ ಪರಿಮಾಣದ ವ್ರತವುಳ್ಳ ಸಮಾಜವು ಮುಂದಿನ ನಲವತ್ತು ವರ್ಷಗಳನ್ನೂ ಓದಬೇಕು.

1880ರಲ್ಲಿ ಅಂಚೆ ಇಲಾಖೆಯು ಮನಿಯಾರ್ಡರನ್ನು ಆರಂಭಿಸಿತು. ಮರುವರ್ಷದ ಸಂಚಾರ ಪತ್ರಗಳ ಕಾಯಿದೆಯು ದೇಶೀ ಭಾಷೆಗಳ ಹುಂಡಿಗಳ ವಿಷಯದಲ್ಲಿ ಸ್ಥಳೀಯ ರೂಢಿಯನ್ನು ಹಾಗೆಯೇ ಉಳಿಸಿತಾದರೂ, ಬಡವನ ಹುಂಡಿ ಇನ್ನು ಮೇಲೆ ಅಂಚೆಯದೇ ಆಯಿತು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ದಕ್ಷಿಣ ಕನ್ನಡದ ಹುಡುಗರು ತಿಂಗಳ ಸಂಬಳದಲ್ಲಿ ಉಳಿಸಿದ್ದನ್ನು ಊರಿಗೆ ಮುಟ್ಟಿಸುತ್ತಿದ್ದುದು ಹೀಗೆ. ನಂತರದ ದಶಕಗಳಲ್ಲಿ ಇಪ್ಪತ್ತು ರೂಪಾಯಿಗೆ ಒಂದು ರೂಪಾಯಿ ಕಮಿಷನ್ - ನೂರಕ್ಕೆ ಐದು, ತಾವೆರ್ನಿಯೆ ಬರೆದ ಆಗ್ರಾದ ವಟ್ಟವೇ. ಬಡವನಿಗೆ ಅದು ಭಾರವೆಂದು ಯಾರೂ ಹೇಳಬಹುದು. ಊರಿಗೆ ಹೋಗಿ ಬರುವ ಖರ್ಚು, ತಪ್ಪುವ ದಿನಗೂಲಿ, ಊರಿಗೆ ಹೊರಟ ಪರಿಚಿತನ ಕೈಯಲ್ಲಿ ಕೊಟ್ಟ ಹಣ ತಲುಪೀತೋ ಇಲ್ಲವೋ ಎಂಬ ಚಿಂತೆ, ಇವನ್ನು ಕೂಡಿಸಿ ನೋಡಿದವರು ಆ ರೂಪಾಯಿಯನ್ನು ತೆತ್ತರು. ಇಲ್ಲಿಯೂ ಹಣ ಮುಂಬಯಿಯಿಂದ ನಡೆದುಬರಲಿಲ್ಲ. ಕೊನೆಯ ಹರದಾರಿಯನ್ನು ಮಾತ್ರ ಅಂಚೆಯವನು ತೋಟದ ಸಂಕಗಳನ್ನು ದಾಟಿ ನಡೆದೇ ತೀರಿಸಬೇಕಾಗಿತ್ತು. ಮನೆಯವರು ಅವನಿಗೆ ಮಜ್ಜಿಗೆ ಕೊಟ್ಟು ಕೂರಿಸಿ, ಫಾರಮ್ಮಿನ ತುದಿಯಲ್ಲಿ ಮಗ ಬರೆದ ಎರಡು ಸಾಲನ್ನು ಅವನಿಂದಲೇ ಓದಿಸಿಕೊಳ್ಳುತ್ತಿದ್ದರು. 2015ರಲ್ಲಿ ಹಳೆಯ ಕಾಗದದ ಮನಿಯಾರ್ಡರು ನಿಂತಿತು. ಆ ಎರಡು ಸಾಲಿಗೆ ಅಂಚೆ ಇಲಾಖೆಯು ಬೇರೆ ಹಣ ಪಡೆಯುತ್ತಿರಲಿಲ್ಲ.