ಎತ್ತರ, ತೂಕ ಮತ್ತು ಪ್ಯಾಂಟಿನ ಅಳತೆ: ಒಂದು ಮಾಹಿತಿ

ಚೌತಿ, ದೀಪಾವಳಿಗಳು ಸಮೀಪಿಸುತ್ತಿದ್ದಂತೆ ಮುಂಬಯಿಯ ಕನ್ನಡ ಕುಟುಂಬಗಳಲ್ಲಿ ಊರಿಗೆ ಬಟ್ಟೆಬರೆ ಕೊಂಡೊಯ್ಯುವ ಸಿದ್ಧತೆ ಆರಂಭವಾಗುತ್ತದೆ. ಸೀರೆಗೆ ಅಳತೆಯ ತೊಡಕಿಲ್ಲ, ಪಂಚೆಗೂ ಇಲ್ಲ. ಅಂಗಿ ತುಸು ಸಡಿಲವಾದರೂ ನಡೆದೀತು. ಪ್ಯಾಂಟು ಮಾತ್ರ ಅಂಥ ರಿಯಾಯಿತಿ ನೀಡುವುದಿಲ್ಲ. ಊರಿನಲ್ಲಿರುವ ತಂದೆಗೋ ಸೋದರಮಾವನಿಗೋ ದೂರವಾಣಿಯಲ್ಲಿ ನಂಬರು ಕೇಳಿದರೆ, ಜೀವನವಿಡೀ ದರ್ಜಿಯಿಂದಲೇ ಹೊಲಿಸಿಕೊಂಡವರಿಗೆ ಅದು ತಿಳಿದಿರುವುದಿಲ್ಲ. ಆದರೆ ವೈದ್ಯರಲ್ಲಿಗೆ ಹೋದಾಗ ಬರೆಸಿದ ಎತ್ತರ ಮತ್ತು ತೂಕ ಗೊತ್ತಿರುತ್ತದೆ. ಈ ಎರಡು ಅಂಕಿಗಳಿಂದ ಪ್ಯಾಂಟಿನ ಅಳತೆಯನ್ನು ಎಷ್ಟರ ಮಟ್ಟಿಗೆ ಊಹಿಸಬಹುದು, ಎಲ್ಲಿ ಆ ಊಹೆ ಕೈಕೊಡುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಅಳತೆಯ ಭಾಷೆ

ನಮ್ಮ ದೇಶದಲ್ಲಿ ಮೆಟ್ರಿಕ್ ಪದ್ಧತಿಗೆ ಅಡಿಪಾಯ ಹಾಕಿದ ಕಾಯಿದೆ 1956ರದು. ಕಾಲಬಾದೇವಿಯ ಮಂಗಳದಾಸ್ ಮಾರುಕಟ್ಟೆಯಲ್ಲಾಗಲಿ ದಾದರಿನ ಹಿಂದ್‌ಮಾತಾದಲ್ಲಾಗಲಿ ಬಟ್ಟೆಯನ್ನು ಮೀಟರಿನಲ್ಲೇ ಕತ್ತರಿಸಿಕೊಡುತ್ತಾರೆ. ಅದೇ ಬಟ್ಟೆ ಪ್ಯಾಂಟಾದೊಡನೆ ಅದರ ಅಳತೆ ಮರಳಿ ಇಂಚಿಗೆ ಬರುತ್ತದೆ. 34/30 ಎಂದು ಪಟ್ಟಿಯ ಮೇಲಿದ್ದರೆ ಮೊದಲನೆಯದು ನಡುವಿನ ಸುತ್ತಳತೆ, ಎರಡನೆಯದು ತೊಡೆಸಂದಿನಿಂದ ಪಾದದವರೆಗಿನ ಒಳಗಾಲಿನ ಉದ್ದ. ಒಂದು ಇಂಚು ಎಂದರೆ 2.54 ಸೆಂಟಿಮೀಟರು. ಯುರೋಪಿನಲ್ಲಿ ನೆಲಸಿದ ಮಕ್ಕಳು ತರುವ ಪ್ಯಾಂಟುಗಳಲ್ಲಿ 48, 50, 52 ಎಂಬ ಸಂಖ್ಯೆಗಳಿದ್ದರೆ ಗಾಬರಿಯಾಗಬೇಕಿಲ್ಲ. ಅದರಿಂದ 16 ಕಳೆದರೆ ನಮ್ಮ ಪರಿಚಯದ ಇಂಚಿನ ಸಂಖ್ಯೆ ಸಿಗುತ್ತದೆ.

ಎತ್ತರದಿಂದ ಉದ್ದ

ಈ ಭಾಗ ಸುಲಭವಾದುದು. ಪುರುಷರಲ್ಲಿ ಒಳಗಾಲಿನ ಉದ್ದ ಒಟ್ಟು ಎತ್ತರದ ಸುಮಾರು ಶೇಕಡಾ 45ರಷ್ಟಿರುತ್ತದೆ. ಆ ಲೆಕ್ಕದಲ್ಲಿ,

165 ಸೆಂ.ಮೀ. ಎತ್ತರದವರಿಗೆ ಸುಮಾರು 29 ಇಂಚು,
170 ಸೆಂ.ಮೀ. ಎತ್ತರದವರಿಗೆ ಸುಮಾರು 30 ಇಂಚು,
175 ಸೆಂ.ಮೀ. ಎತ್ತರದವರಿಗೆ ಸುಮಾರು 31 ಇಂಚು,
180 ಸೆಂ.ಮೀ. ಎತ್ತರದವರಿಗೆ ಸುಮಾರು 32 ಇಂಚು.

ಐದು ಅಡಿ ಏಳು ಇಂಚು ಎಂದರೆ 170 ಸೆಂ.ಮೀ. ಎಂದು ನೆನಪಿಟ್ಟುಕೊಂಡರೆ ಉಳಿದುದು ತಾನಾಗಿ ಹೊಂದುತ್ತದೆ. ಕಾಲು ನೀಳವಾಗಿದ್ದು ಮುಂಡ ಗಿಡ್ಡವಾಗಿರುವವರಲ್ಲಿ ಒಂದಿಂಚಿನ ವ್ಯತ್ಯಾಸ ಬರಬಹುದು. ಉದ್ದದಲ್ಲಿ ಸಂಶಯವಿದ್ದರೆ ಹೆಚ್ಚಿನದನ್ನೇ ಆರಿಸುವುದು ಒಳಿತು. ಮಿಕ್ಕಿದ್ದನ್ನು ಯಾವ ಬೀದಿಯ ದರ್ಜಿಯೂ ಮಡಚಿ ಹೊಲಿದುಕೊಡುತ್ತಾನೆ. ಕಡಿಮೆಯಾದುದನ್ನು ಬೆಳೆಸಲು ಯಾರಿಂದಲೂ ಆಗದು.

ತೂಕದಿಂದ ನಡು

ನಡುವಿನ ಲೆಕ್ಕ ಇಷ್ಟು ಸರಳವಲ್ಲ. ಒಂದೇ ತೂಕದ ಇಬ್ಬರಲ್ಲಿ ಎತ್ತರದವನ ನಡು ಸಣ್ಣದು, ಗಿಡ್ಡನದು ದೊಡ್ಡದು. ಆದುದರಿಂದ ತೂಕವನ್ನು ಎತ್ತರದೊಡನೆ ಕೂಡಿಸಿಯೇ ನೋಡಬೇಕು. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವ ಕ್ರಮವನ್ನು ಬೆಲ್ಜಿಯಂ ದೇಶದ ಅಡಾಲ್ಫ್ ಕೆಟೆಲೆ 1832ರಲ್ಲಿ ಸೂಚಿಸಿದನು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂದು ಹೆಸರಿಟ್ಟನು. ಇಂದು ವೈದ್ಯರು ಬಿ.ಎಂ.ಐ. ಎನ್ನುವುದು ಇದನ್ನೇ.

170 ಸೆಂ.ಮೀ. ಎತ್ತರದ ನಡುವಯಸ್ಸಿನ ಗೃಹಸ್ಥರನ್ನು ಉದಾಹರಣೆಯಾಗಿ ತೆಗೆದುಕೊಂಡರೆ, 60 ಕಿಲೋ ತೂಕಕ್ಕೆ 30 ಅಥವಾ 32, 70 ಕಿಲೋಗೆ 34 ಅಥವಾ 36, 80 ಕಿಲೋಗೆ 38 ಎಂಬುದು ಸ್ಥೂಲವಾದ ಅಂದಾಜು. ತೂಕದಲ್ಲಿ ಒಂದು ಕಿಲೋ ಏರಿದರೆ ನಡು ಸುಮಾರು ಒಂದು ಸೆಂಟಿಮೀಟರು ಹಿಗ್ಗುತ್ತದೆ ಎಂಬುದು ಉಪಯುಕ್ತವಾದ ಸೂತ್ರ. ಅಂಗಡಿಯ ಪ್ಯಾಂಟುಗಳು ಸಾಮಾನ್ಯವಾಗಿ ಎರಡೆರಡು ಇಂಚಿನ ಅಂತರದಲ್ಲಿ ಸಿಗುವುದರಿಂದ, ಐದು ಕಿಲೋ ಏರಿಕೆಗೆ ಒಂದು ನಂಬರು ಮೇಲಕ್ಕೆ ಹೋಗಬೇಕಾದೀತು. ಹಿಂದಿನ ವರ್ಷ ಸರಿಹೊಂದಿದ ನಂಬರು ನೆನಪಿದ್ದು, ಆಮೇಲಿನ ತೂಕದ ಏರಿಳಿತ ತಿಳಿದಿದ್ದರೆ, ಬರಿಯ ಎತ್ತರ-ತೂಕಗಳಿಗಿಂತ ಈ ಲೆಕ್ಕವೇ ಹೆಚ್ಚು ನಂಬಲರ್ಹ.

ವಯಸ್ಸನ್ನೂ ಮರೆಯಬಾರದು. ಮೂವತ್ತರಲ್ಲಿದ್ದ ತೂಕವೇ ಅರವತ್ತರಲ್ಲೂ ಇದ್ದರೂ, ಅಷ್ಟರಲ್ಲಿ ಸ್ನಾಯು ಕರಗಿ ಹೊಟ್ಟೆಯ ಸುತ್ತ ಕೊಬ್ಬು ಸೇರಿರುತ್ತದೆ. ತಕ್ಕಡಿ ಇದನ್ನು ಹೇಳುವುದಿಲ್ಲ.

ಒಂದೇ ತೂಕ, ಎರಡು ದೇಹ

ಪರದೇಶದ ಕಂಪನಿಗಳ ಅಳತೆಪಟ್ಟಿಯಲ್ಲಿ ಎತ್ತರ ಮತ್ತು ತೂಕ ನಮೂದಿಸಿ ಪ್ಯಾಂಟು ತರಿಸಿಕೊಂಡವರಲ್ಲಿ ಹಲವರಿಗೆ ತೊಡೆಯಲ್ಲಿ ಸಡಿಲ, ಹೊಟ್ಟೆಯಲ್ಲಿ ಬಿಗಿ ಎಂಬ ಅನುಭವವಾಗಿರಬಹುದು. ಇದಕ್ಕೆ ಶಾಸ್ತ್ರೀಯವಾದ ಕಾರಣವಿದೆ. 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ತಮ್ಮಿಬ್ಬರ ಭಾವಚಿತ್ರವನ್ನೇ ಪ್ರಕಟಿಸಿದರು. ಇಬ್ಬರ ಬಿ.ಎಂ.ಐ. ಕೂಡ 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬಿನ ಪ್ರಮಾಣ ಶೇ. 9.1 ಇದ್ದರೆ, ಯಾಜ್ಞಿಕ್ ಅವರಲ್ಲಿ ಶೇ. 21.2 ಇತ್ತು. ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಹೊತ್ತಿರುವ ಭಾರತೀಯ ದೇಹಪ್ರಕೃತಿಗೆ ಇದೊಂದು ಪ್ರಸಿದ್ಧ ನಿದರ್ಶನ. ಹೀಗಿರುವಾಗ ಅನ್ಯರ ದೇಹಕ್ಕೆ ರಚಿಸಿದ ಕೋಷ್ಟಕ ನಮ್ಮ ನಡುವಿಗೆ ಒಪ್ಪದಿರುವುದು ಸಹಜವೇ.

ಈ ಕೊರತೆಯನ್ನು ನೀಗಿಸಲೆಂದೇ ನಿಫ್ಟ್ ಎಂದು ಹೆಸರಾದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು ‘ಇಂಡಿಯಾ ಸೈಜ್’ ಎಂಬ ಸಮೀಕ್ಷೆಯನ್ನು ಕೈಗೆತ್ತಿಕೊಂಡಿತು. 15ರಿಂದ 65 ವರ್ಷ ವಯಸ್ಸಿನ 25,000 ಜನರ ದೇಹವನ್ನು ತ್ರಿಮಿತಿ ಸ್ಕ್ಯಾನರುಗಳಿಂದ ಅಳೆಯುವ ಈ ಯೋಜನೆಗೆ ಆರಿಸಿದ ಆರು ನಗರಗಳಲ್ಲಿ ಮುಂಬಯಿ ಮತ್ತು ಬೆಂಗಳೂರು ಎರಡೂ ಸೇರಿವೆ.

ಪಟ್ಟಿಯ ಮೇಲಿನ ಮುಖಸ್ತುತಿ

ಪಟ್ಟಿಯಲ್ಲಿರುವ ಸಂಖ್ಯೆಯೂ ಸದಾ ಸತ್ಯವನ್ನು ಹೇಳುವುದಿಲ್ಲ. ಗ್ರಾಹಕನನ್ನು ಸಂತೋಷಪಡಿಸಲು ದೊಡ್ಡ ಪ್ಯಾಂಟಿಗೆ ಸಣ್ಣ ಸಂಖ್ಯೆ ಹಚ್ಚುವ ರೂಢಿ ಜಗತ್ತಿನಾದ್ಯಂತ ಬೆಳೆದಿದೆ. 2010ರಲ್ಲಿ ಅಮೆರಿಕದ ‘ಎಸ್ಕ್ವೈರ್’ ಪತ್ರಿಕೆಯು 36 ಎಂದು ಗುರುತಿಸಿದ್ದ ಬೇರೆಬೇರೆ ಕಂಪನಿಗಳ ಪ್ಯಾಂಟುಗಳನ್ನು ಟೇಪು ಹಿಡಿದು ಅಳೆದಾಗ, ಅವು 37ರಿಂದ 41 ಇಂಚುಗಳವರೆಗೆ ಇದ್ದುದು ಕಂಡುಬಂದಿತು. ಆದುದರಿಂದ ಒಂದು ಕಂಪನಿಯ 34 ಮತ್ತೊಂದರ 34ಕ್ಕೆ ಸಮವೆಂದು ಭಾವಿಸಲಾಗದು.

ನಂಬರು ಬದಲಾಗದಿದ್ದರೂ

ಇಲ್ಲಿ ಅರಿವೆಗಿಂತ ಮಿಗಿಲಾದ ವಿಚಾರವೊಂದಿದೆ. ‘ಇಪ್ಪತ್ತು ವರ್ಷಗಳಿಂದ ನನ್ನದು ಅದೇ 34’ ಎಂದು ಹೆಮ್ಮೆಪಡುವ ಮಹನೀಯರು ನಮ್ಮಲ್ಲಿ ಅನೇಕರಿದ್ದಾರೆ. ಹೊಟ್ಟೆ ಮುಂದೆ ಬಂದಂತೆ ಬೆಲ್ಟು ಕೆಳಕ್ಕೆ ಸರಿಯುತ್ತದೆ. ಪ್ಯಾಂಟು ಹೊಟ್ಟೆಯ ಕೆಳಗಿನ ಎಲುಬಿನ ಮೇಲೆ ನಿಲ್ಲುತ್ತದೆ. ನಂಬರು ಹಾಗೆಯೇ ಉಳಿಯುತ್ತದೆ, ಹೊಟ್ಟೆ ಮಾತ್ರ ಬೆಳೆಯುತ್ತಿರುತ್ತದೆ. ವೈದ್ಯರು ಅಳೆಯುವ ನಡು ಬೇರೆ. ಅದು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ಮೇಲ್ತುದಿ ಇವೆರಡರ ಮಧ್ಯಭಾಗ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು 2005ರಲ್ಲಿ ಯುರೋಪಿನ ಪುರುಷರಿಗೆ 94 ಸೆಂ.ಮೀ. ಮಿತಿಯನ್ನು ಸೂಚಿಸಿದರೆ, ದಕ್ಷಿಣ ಏಷ್ಯಾದ ಪುರುಷರಿಗೆ ಅದನ್ನು 90 ಸೆಂ.ಮೀ.ಗೆ ಇಳಿಸಿತು. ಅಂದರೆ ಮೂವತ್ತೈದೂವರೆ ಇಂಚಿಗೂ ಕೊಂಚ ಕಡಿಮೆ. ಆ ಗೆರೆ ದಾಟಿದವರಲ್ಲಿ ಸಕ್ಕರೆ ಕಾಯಿಲೆ ಮತ್ತು ಹೃದ್ರೋಗದ ಸಂಭವ ಹೆಚ್ಚು. ನಡುವಿನ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಲಿ ಎಂಬ ಸರಳ ಸಲಹೆಯನ್ನು ಬ್ರಿಟನ್ನಿನ ನೈಸ್ ಸಂಸ್ಥೆಯೂ 2022ರಲ್ಲಿ ನೀಡಿದೆ.

ಅಳೆಯುವ ಕ್ರಮ

1. ಸರಿಹೊಂದುವ ಹಳೆಯ ಪ್ಯಾಂಟೊಂದರ ಗುಂಡಿ ಹಾಕಿ ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ, ಸೊಂಟಪಟ್ಟಿಯ ಅಗಲವನ್ನು ಅಳೆದು ಇಮ್ಮಡಿಸಬೇಕು. ಕೊಳ್ಳುವುದಕ್ಕೆ ಇದೇ ಉತ್ತಮ ಆಧಾರ.

2. ಅದೇ ಪ್ಯಾಂಟಿನ ತೊಡೆಸಂದಿನ ಹೊಲಿಗೆಯಿಂದ ಕೆಳ ಅಂಚಿನವರೆಗೆ ಅಳೆದರೆ ಉದ್ದ ದೊರೆಯುತ್ತದೆ.

3. ಟೇಪು ಇಲ್ಲದಿದ್ದರೆ ದಾರದಿಂದ ಸುತ್ತಿ, ಅದನ್ನು ಮಕ್ಕಳ ಅಡಿಪಟ್ಟಿಯ ಮೇಲೆ ಹಿಡಿದು ನೋಡಬಹುದು.

4. ಆರೋಗ್ಯಕ್ಕಾಗಿ ಅಳೆಯುವಾಗ ನೇರವಾಗಿ ನಿಂತು, ಸಹಜವಾಗಿ ಉಸಿರು ಬಿಟ್ಟ ಬಳಿಕ, ಬರಿಮೈಗೆ ಟೇಪು ತಾಗಿಸಿ ಓದಬೇಕು. ಹೊಟ್ಟೆಯನ್ನು ಒಳಗೆಳೆದುಕೊಂಡರೆ ನಮಗೆ ನಾವೇ ವಂಚಿಸಿಕೊಂಡಂತೆ.

5. ಎತ್ತರ-ತೂಕಗಳಷ್ಟೇ ತಿಳಿದಿದ್ದರೆ ಮೇಲಿನ ಅಂದಾಜಿನಂತೆ ಕೊಂಡು, ಬದಲಾಯಿಸಿಕೊಡುವ ಅವಧಿಯನ್ನು ಮೊದಲೇ ವಿಚಾರಿಸಿ, ರಸೀದಿಯನ್ನು ಜೋಪಾನವಾಗಿಡಬೇಕು. ಎರಡು ನಂಬರುಗಳ ನಡುವೆ ಸಂದೇಹ ಬಂದರೆ ದೊಡ್ಡದೇ ಲೇಸು.

ಎತ್ತರ ಮತ್ತು ತೂಕಗಳು ಅಂದಾಜಿಗೆ ಸಾಕು. ನಿರ್ಣಯಕ್ಕೆ ಟೇಪೇ ಬೇಕು. ಈ ಸಲ ಊರಿಗೆ ಹೋದಾಗ ಹಿರಿಯರ ನಡುವಿನ ಅಳತೆಯನ್ನೊಮ್ಮೆ ತೆಗೆದು ಬರೆದಿಟ್ಟುಕೊಂಡರೆ, ಮುಂದಿನ ಹಬ್ಬದ ಖರೀದಿಗೂ ಮುಂದಿನ ವೈದ್ಯರ ಭೇಟಿಗೂ ಅದೇ ಚೀಟಿ ಉಪಯೋಗಕ್ಕೆ ಬಂದೀತು.