ಆವಿಗೆಯಲ್ಲಿ ಬೆಂದ ಅಯಸ್ಕಾಂತ

ಫೆರೈಟ್ ಎಂದರೆ ಕಬ್ಬಿಣದ ಆಕ್ಸೈಡಿಗೆ ಮ್ಯಾಂಗನೀಸ್, ನಿಕ್ಕಲ್, ಸತು, ಬೇರಿಯಂಗಳಂಥ ಲೋಹದ ಆಕ್ಸೈಡನ್ನು ಬೆರೆಸಿ ಸುಟ್ಟು ಪಡೆದ ಕಪ್ಪು ಪಿಂಗಾಣಿ. ಬಲದಲ್ಲಿ ಅದು ಕಬ್ಬಿಣಕ್ಕೆ ಸಮವಲ್ಲ. ಕಬ್ಬಿಣದ ಸಂತೃಪ್ತ ಕಾಂತತೆ 2.1 ಟೆಸ್ಲಾ ಮುಟ್ಟಿದರೆ, ಫೆರೈಟಿನದು 0.5ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಅದರ ಬೆಲೆ ಇರುವುದು ವಿದ್ಯುತ್ ರೋಧದಲ್ಲಿ. ಆವರ್ತನ ಏರಿದಂತೆ ಲೋಹದ ತಿರುಳಿನಲ್ಲಿ ಸುಳಿ ವಿದ್ಯುತ್ ಹರಿದು ಶಕ್ತಿಯೆಲ್ಲ ಶಾಖವಾಗುತ್ತದೆ; ರೋಧ ಹೆಚ್ಚಿದಷ್ಟೂ ಈ ಸುಳಿ ಕುಗ್ಗುತ್ತದೆ. ಮ್ಯಾಂಗನೀಸ್-ಸತು ಫೆರೈಟಿನ ರೋಧ ಕಬ್ಬಿಣದ್ದಕ್ಕಿಂತ ಕೋಟಿ ಪಟ್ಟು. ನಿಕ್ಕಲ್-ಸತು ಬಗೆಯದು ಅದಕ್ಕೂ ಎಷ್ಟೋ ಹೆಚ್ಚು.

ಜರ್ಮನಿಯ ಹಿಲ್ಪರ್ಟ್ 1909ರ ಹೊತ್ತಿಗೇ ಈ ದಾರಿ ತೋರಿದ್ದರೂ ಅದು ಬಳಕೆಗೆ ಬರಲಿಲ್ಲ. 1930ರಲ್ಲಿ ಟೋಕಿಯೊದ ಕಾಟೊ ಮತ್ತು ತಕೇಯಿ ಉಪಯುಕ್ತ ಫೆರೈಟುಗಳನ್ನು ತಯಾರಿಸಿದರು; ಅವನ್ನು ಮಾರುಕಟ್ಟೆಗೆ ತರಲೆಂದೇ 1935ರಲ್ಲಿ ಟಿಡಿಕೆ ಕಂಪನಿ ಹುಟ್ಟಿತು. ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಸ್ನೂಕ್ ಮ್ಯಾಂಗನೀಸ್-ಸತು, ನಿಕ್ಕಲ್-ಸತು ಜೋಡಿಗಳನ್ನು ಪಳಗಿಸಿದರು. ಕಾಂತ ವ್ಯಾಪ್ಯತೆ, ಅಂದರೆ ಕಾಂತಕ್ಷೇತ್ರಕ್ಕೆ ಸ್ಪಂದಿಸುವ ಗುಣ, ಹೆಚ್ಚಿದಷ್ಟೂ ಬಳಸಬಹುದಾದ ಆವರ್ತನ ಕುಗ್ಗುತ್ತದೆಂಬ ಅವರ ಮಿತಿ ಇಂದಿಗೂ ವಿನ್ಯಾಸಕಾರರ ಕೈ ಕಟ್ಟಿಹಾಕುತ್ತದೆ.

ಒಂದು ಒಗಟು ಮಾತ್ರ ಉಳಿದಿತ್ತು. ಸತುವಿಗೆ ಕಾಂತಗುಣವೇ ಇಲ್ಲ. ಅದನ್ನು ಬೆರೆಸಿದರೆ ಫೆರೈಟ್ ಬಲಗೊಳ್ಳುವುದೇಕೆ? 1948ರಲ್ಲಿ ಫ್ರಾನ್ಸಿನ ಲೂಯಿ ನೀಲ್ ಉತ್ತರ ಕೊಟ್ಟರು. ಈ ಫೆರೈಟುಗಳ ಸ್ಪೈನೆಲ್ ಎಂಬ ಬಗೆಯ ಹರಳಿನಲ್ಲಿ ಲೋಹದ ಅಯಾನುಗಳಿಗೆ ಎರಡು ಬಗೆಯ ತಾಣಗಳಿದ್ದು, ಅವುಗಳ ಕಾಂತತೆ ಪರಸ್ಪರ ಎದುರುಮುಖವಾಗಿರುತ್ತದೆ. ಹೊರಗೆ ಕಾಣುವುದು ಎರಡರ ವ್ಯತ್ಯಾಸವಷ್ಟೆ. ಸತು ದುರ್ಬಲ ಪಕ್ಷದ ತಾಣವನ್ನೇ ಹಿಡಿದು, ಅಲ್ಲಿದ್ದ ಕಬ್ಬಿಣವನ್ನು ಎದುರು ಪಕ್ಷಕ್ಕೆ ದಾಟಿಸುತ್ತದೆ. ಹಗ್ಗಜಗ್ಗಾಟದಲ್ಲಿ ಸೋಲುವವರ ಕಡೆಯ ಆಳನ್ನೇ ಗೆಲ್ಲುವವರಿಗೆ ಕೊಟ್ಟಂತೆ. ಸತು ಅತಿಯಾದರೆ ಹಗ್ಗವೇ ಸಡಿಲವಾಗಿ ಕಾಂತತೆ ಮತ್ತೆ ಇಳಿಯುತ್ತದೆ. ನೀಲ್‌ಗೆ 1970ರಲ್ಲಿ ನೊಬೆಲ್ ಬಂತು.

1952ರಲ್ಲಿ ಫಿಲಿಪ್ಸ್‌ನವರೇ ಬೇರಿಯಂ ಫೆರೈಟಿನ ಕಾಯಂ ಕಾಂತವನ್ನು ಪ್ರಕಟಿಸಿದರು. ದುಬಾರಿ ಕೋಬಾಲ್ಟ್ ಬೇಡದ ಈ ಅಗ್ಗದ ವಸ್ತು ಧ್ವನಿವರ್ಧಕ, ಸಣ್ಣ ಮೋಟಾರುಗಳಿಗೆ ಹೊಕ್ಕಿತು. ತೂಕದ ಲೆಕ್ಕದಲ್ಲಿ ಇಂದಿಗೂ ಅತಿ ಹೆಚ್ಚು ತಯಾರಾಗುವ ಕಾಯಂ ಕಾಂತ ಫೆರೈಟೇ. 1956ರಲ್ಲಿ ಗ್ರೆನೋಬಲ್‌ನಲ್ಲಿ ಸಿಕ್ಕ, ಇದೇ ಬಳಗದ ಯಿಟ್ರಿಯಂ-ಕಬ್ಬಿಣ ಗಾರ್ನೆಟ್ ಮೈಕ್ರೋವೇವ್ ಸಾಧನಗಳಿಗೆ ಒದಗಿತು. ಕಂಪ್ಯೂಟರಿನ ನೆನಪೂ ಸುಮಾರು ಎರಡು ದಶಕ ಪುಟ್ಟ ಫೆರೈಟ್ ಉಂಗುರಗಳಲ್ಲೇ ಇತ್ತು.

ತಯಾರಿಕೆ ಕುಂಬಾರನ ಕಸುಬಿನ ನಂಟೇ. ಆಕ್ಸೈಡುಗಳನ್ನು ತೂಗಿ, ಅರೆದು, 900-1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆ ಸುಟ್ಟು, ಮತ್ತೆ ಅರೆದು, ಅಂಟು ಸೇರಿಸಿ ಅಚ್ಚಿನಲ್ಲಿ ಒತ್ತುತ್ತಾರೆ. ಕೊನೆಯ ಸುಡುವಿಕೆಯೇ ನಿಜವಾದ ಪರೀಕ್ಷೆ. ಮ್ಯಾಂಗನೀಸ್-ಸತು ಬಗೆಗೆ 1300 ಡಿಗ್ರಿಗೂ ಮೇಲಿನ ಶಾಖ ಬೇಕು. ತಣಿಯುವಾಗ ಕುಲುಮೆಯ ಆಮ್ಲಜನಕವನ್ನು ಹಂತಹಂತವಾಗಿ ಇಳಿಸದಿದ್ದರೆ ಮಾಲು ಕೆಟ್ಟಂತೆಯೇ. ನಿಕ್ಕಲ್-ಸತು ಸಾಮಾನ್ಯ ಗಾಳಿಯಲ್ಲೇ ಬೇಯುತ್ತದೆ. ಚಿಟಿಕೆಯಷ್ಟು ಸುಣ್ಣ, ಸಿಲಿಕಾ ಬೆರೆಸಿದರೆ ಅವು ಕಣಗಳ ಅಂಚಿನಲ್ಲಿ ತೆಳು ಗೋಡೆಯಾಗಿ ವಿದ್ಯುತ್ತನ್ನು ತಡೆಯುತ್ತವೆ. ವ್ಯಾಪ್ಯತೆಗೆ ದೊಡ್ಡ ಕಣ ಬೇಕು. ಕಾಯಂ ಕಾಂತಕ್ಕೆ ಕಣ ಒಂದು ಮೈಕ್ರಾನಿನ ಆಸುಪಾಸಿನಲ್ಲೇ ಇರಬೇಕು, ಒತ್ತುವಾಗ ಅವೆಲ್ಲ ಕಾಂತಕ್ಷೇತ್ರದಲ್ಲಿ ಒಂದೇ ದಿಕ್ಕಿಗೆ ತಿರುಗಿರಬೇಕು.

ಫೋನಿನೊಳಗಿನ ಪದರಪದರದ ಸುರುಳಿಗಳಲ್ಲಿ ಫೆರೈಟೂ ವಿದ್ಯುತ್ ಹರಿಯುವ ಬೆಳ್ಳಿಯೂ ಒಟ್ಟಿಗೇ ಬೇಯಬೇಕು. ಬೆಳ್ಳಿ ಕರಗುವುದು 961 ಡಿಗ್ರಿಗೆ; ಆದ್ದರಿಂದ ಅಲ್ಲಿ ತಾಮ್ರ ಬೆರೆಸಿದ ನಿಕ್ಕಲ್-ಸತು ಫೆರೈಟನ್ನು 900 ಡಿಗ್ರಿಯ ಸುಮಾರಿಗೇ ಸುಡುತ್ತಾರೆ.